ಶಾಲೆಯ ಡೈರಿ ಔಷಧಿ ಚೀಟಿಯಲ್ಲ

ಕಳೆದ ವರ್ಷ ದಸರಾ ರಜೆಗೆ ಎರಡು ದಿನ ಮುಂಚೆ ನನ್ನ ಮಗನ ಡೈರಿಯಲ್ಲಿ ಕೆಂಪು ಶಾಯಿಯ ಒಂದು ಸಾಲಿತ್ತು: "ಡಾಕ್ಟರಿಗೆ ತೋರಿಸಿ, ಮಾತ್ರೆ ಶುರು ಮಾಡಿಸಿ, ರಜೆ ಮುಗಿದ ಮೇಲೆ ಕಳುಹಿಸಿ." ಕೆಳಗೆ ಶಿಕ್ಷಕಿಯ ಸಹಿ, ಪಕ್ಕದಲ್ಲಿ ಪೋಷಕರ ಸಹಿಗೆಂದು ಬಿಟ್ಟ ಜಾಗ. ಅವನು ಎರಡನೇ ತರಗತಿಯಲ್ಲಿದ್ದ. 7 ತುಂಬಲು ಇನ್ನೂ ಎರಡು ತಿಂಗಳಿತ್ತು. ವಿಚಾರಿಸಲು ಹೋದಾಗ, ಅವನಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇದೆ, ಮಾತ್ರೆ ಕೊಡದಿದ್ದರೆ ಟಿಸಿ ತೆಗೆದುಕೊಳ್ಳುವುದು ಒಳ್ಳೆಯದು ಎಂಬ ಮಾತು ಬಂತು. ಅದನ್ನು ಬಹಳ ಮೃದುವಾಗಿಯೇ ಹೇಳಿದರು.

ಶಿಕ್ಷಕಿಯ ಕಷ್ಟ ನನಗೆ ಅರ್ಥವಾಗುವುದಿಲ್ಲವೆಂದಲ್ಲ. ನಲವತ್ತು ಮಕ್ಕಳಲ್ಲಿ ಒಬ್ಬ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗಿ, ದಿನಕ್ಕೆ ಮೂರು ಪೆನ್ಸಿಲ್ ಕಳೆದು, ಬೆಂಚಿನಿಂದ ಬೆಂಚಿಗೆ ಓಡಾಡಿದರೆ ಪಾಠ ನಡೆಯುವುದು ಹೇಗೆ? ಅವರು ಕಂಡದ್ದನ್ನು ನಮಗೆ ತಿಳಿಸಲೇಬೇಕು. ಆದರೆ ಕಂಡದ್ದನ್ನು ಹೇಳುವುದು ಬೇರೆ, ಅದಕ್ಕೆ ಕಾಯಿಲೆಯ ಹೆಸರಿಟ್ಟು ಔಷಧಿಯನ್ನೂ ಗೊತ್ತುಮಾಡಿ, ಆ ಔಷಧಿಯನ್ನು ಶಾಲೆಯ ಸೀಟಿಗೆ ಗಂಟು ಹಾಕುವುದು ಬೇರೆ.

1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿ ಇರುವುದು ಮೈಸೂರಿನವರಾದ ನಮ್ಮ ಪುಣ್ಯ. ಹೇಳಿದ ಮಾತು ಕೇಳುವುದಿಲ್ಲ ಎಂಬ ದೂರಿನ ಹಿಂದೆ ಕಿವಿಯ ತೊಂದರೆಯೂ ಇರಬಹುದು, ಓದುವುದರಲ್ಲಿನ ತೊಡಕೂ ಇರಬಹುದು, ನಿದ್ದೆಗೇಡೂ ಇರಬಹುದು. ಆದ್ದರಿಂದ ಮೊದಲು ಕಿವಿಯ ಪರೀಕ್ಷೆಯಾಯಿತು. ಕಿವಿ ಸರಿಯಿತ್ತು. ಆಮೇಲೆ ಮನಶ್ಶಾಸ್ತ್ರಜ್ಞರು ಶಾಲೆಗೊಂದು, ಮನೆಗೊಂದು ಪ್ರಶ್ನಾವಳಿ ಕೊಟ್ಟರು. ಎಡಿಎಚ್‌ಡಿ ಎನ್ನಬೇಕಾದರೆ ಲಕ್ಷಣಗಳು ಕನಿಷ್ಠ 6 ತಿಂಗಳಿಂದ ಇರಬೇಕು, 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು, ಶಾಲೆಯೊಂದರಲ್ಲೇ ಅಲ್ಲದೆ ಎರಡು ಕಡೆಯಾದರೂ ಕಾಣಬೇಕು.

ಮಂಡ್ಯದಲ್ಲಿ ನನ್ನ ಅತ್ತೆಯವರ ಎದುರು ಅವನು ಅಳಗುಳಿಮಣೆ ಹಾಕಿಕೊಂಡು ಕುಳಿತರೆ, ಗುಳಿಗುಳಿಗೆ ಹುಣಿಸೆ ಬೀಜ ಬಿಡುತ್ತಾ ಒಂದು ಗಂಟೆ ಅಲ್ಲಾಡುವುದಿಲ್ಲ. ಅದನ್ನೇ ದೊಡ್ಡ ಸಾಕ್ಷಿಯೆಂಬಂತೆ ನಾನು ಹೇಳಿದೆ. ಇಷ್ಟವಾದ ಆಟದಲ್ಲಿ ಮುಳುಗಿಹೋಗುವುದು ಎಡಿಎಚ್‌ಡಿ ಇರುವ ಮಕ್ಕಳಲ್ಲೂ ಇರುತ್ತದೆ, ಅದರಿಂದ ಏನೂ ತೀರ್ಮಾನವಾಗುವುದಿಲ್ಲ ಎಂದು ಮನಶ್ಶಾಸ್ತ್ರಜ್ಞರು ನಯವಾಗಿ ನನ್ನ ಬಾಯಿ ಮುಚ್ಚಿಸಿದರು. ಅವನು ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವನೇ ಎಂಬುದನ್ನೂ ಅವರು ಕೇಳಿದರು. ಶಾಲೆಯಲ್ಲಿ ಯಾರೂ ಕೇಳಿರಲಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತರಗತಿಯ ಅತಿ ಕಿರಿಯರಾದ ಡಿಸೆಂಬರ್‌ನಲ್ಲಿ ಹುಟ್ಟಿದ ಹುಡುಗರಿಗೆ, ಜನವರಿಯಲ್ಲಿ ಹುಟ್ಟಿದವರಿಗಿಂತ ಶೇ. 30ರಷ್ಟು ಹೆಚ್ಚಾಗಿ ಈ ಹೆಸರು ಅಂಟಿತ್ತು. ನನ್ನ ಮಗನೂ ಡಿಸೆಂಬರಿನವನೇ.

ಇಷ್ಟೆಲ್ಲಾ ನೋಡಿಯೂ ಅವನಿಗೆ ಎಡಿಎಚ್‌ಡಿ ಇದೆಯೆಂದೇ ತೀರ್ಮಾನವಾಯಿತು. ಮೊದಲು ನಮಗೆ ತರಬೇತಿ ಕೊಟ್ಟು, ಅವನನ್ನು ಮುಂದಿನ ಬೆಂಚಿನಲ್ಲಿ ಕೂರಿಸಬೇಕು, ಒಂದು ಸಲಕ್ಕೆ ಒಂದೇ ಕೆಲಸ ಹೇಳಬೇಕು ಎಂದು ಶಾಲೆಗೂ ಬರೆದುಕೊಟ್ಟರು. ಐದು ತಿಂಗಳ ನಂತರ, ಹಸಿವು ಕಡಿಮೆಯಾಗಬಹುದು, ನಿದ್ದೆ ತಡವಾಗಬಹುದು, ಎತ್ತರ, ತೂಕ, ನಾಡಿ, ರಕ್ತದೊತ್ತಡ ನೋಡುತ್ತಿರಬೇಕು ಎಂದೆಲ್ಲಾ ಮಕ್ಕಳ ಮನೋವೈದ್ಯರು ವಿವರಿಸಿದ ಮೇಲೆ ನಾವು ಒಪ್ಪಿ ಮಿಥೈಲ್‌ಫೆನಿಡೇಟ್ ಎಂಬ ಮಾತ್ರೆ ಶುರು ಮಾಡಿದೆವು. ಅದು ಶೆಡ್ಯೂಲ್ ಎಕ್ಸ್ ಔಷಧಿ. ಚೀಟಿಯನ್ನು ಎರಡು ಪ್ರತಿಯಲ್ಲಿ ಬರೆಯಬೇಕು, ಒಂದನ್ನು ಅಂಗಡಿಯವರು 2 ವರ್ಷ ಇಟ್ಟುಕೊಳ್ಳಬೇಕು. ಸರ್ಕಾರವೇ ಇಷ್ಟು ಬಿಗಿಯಾಗಿ ಕಾಯುವ ಔಷಧಿಗೆ ಡೈರಿಯಲ್ಲಿ ಒಂದು ಸಾಲು ಸಾಕಾಗಿತ್ತು!

ಹಾಗಾದರೆ ಶಾಲೆ ಹೇಳಿದ್ದೇ ಸರಿಯಾಯಿತಲ್ಲ ಎಂದು ನೆಂಟರೊಬ್ಬರು ನಕ್ಕರು. ಇಲ್ಲ. ಮಾತ್ರೆಯಿಂದ ಅವನಿಗೆ ಉಪಯೋಗವಾಗಿದೆ, ಅದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಆದರೆ ಅಪಾಯವನ್ನೂ ಲಾಭವನ್ನೂ ತೂಗಿ ಒಪ್ಪುವ ಅಧಿಕಾರ ತಂದೆತಾಯಿಯದು, ಮತ್ತು ಟಿಸಿಯ ಬೆದರಿಕೆಯ ಕೆಳಗೆ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಅಮೆರಿಕದಲ್ಲಿ 2004ರಲ್ಲಿ ತಿದ್ದುಪಡಿಯಾದ ವಿಶೇಷ ಶಿಕ್ಷಣದ ಕಾನೂನು, ಇಂಥ ನಿಯಂತ್ರಿತ ಔಷಧಿ ತೆಗೆದುಕೊಂಡರೆ ಮಾತ್ರ ತರಗತಿಗೆ ಬರಬಹುದು ಎಂದು ಶಾಲೆಯ ಸಿಬ್ಬಂದಿ ಷರತ್ತು ಹಾಕುವುದನ್ನು ನೇರವಾಗಿ ತಡೆಯುತ್ತದೆ. ನಮ್ಮಲ್ಲಿ ಅಷ್ಟು ಸ್ಪಷ್ಟವಾದ ಸಾಲು ಇರಬೇಕಿತ್ತು. ಆದರೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 17ನೇ ಸೆಕ್ಷನ್ ಮಾನಸಿಕ ಕಿರುಕುಳವನ್ನು ನಿಷೇಧಿಸುತ್ತದೆ. (ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿರುವುದರಿಂದ, ನಿಮ್ಮ ಶಾಲೆ ಯಾವ ಬಗೆಯದು ಎಂದು ಮೊದಲು ನೋಡಿಕೊಳ್ಳಿ.)

ಶಾಲೆಗೆ ವಿಚಾರಿಸಲು ಹೋದ ಆ ದಿನ ನಾನು ಕಾಯ್ದೆಯ ಮಾತೆತ್ತಲೇ ಇಲ್ಲ. "ಮೇಡಂ, ಈಗ ಹೇಳಿದ್ದನ್ನೇ ಲೆಟರ್‌ಹೆಡ್ ಮೇಲೆ ಬರೆದು, ಸೀಲು ಹಾಕಿ ಕೊಡಿ, ಬಿಇಒ ಕಚೇರಿಗೆ ಒಂದು ಪ್ರತಿ ಕೊಡುತ್ತೇನೆ" ಎಂದೆ ಅಷ್ಟೆ. ಆ ಪತ್ರ ಇಂದಿಗೂ ಬಂದಿಲ್ಲ, ಟಿಸಿಯ ಮಾತೂ ಮತ್ತೆ ಬಂದಿಲ್ಲ. ಡೈರಿಯ ಆ ಪುಟಕ್ಕೆ ನಾನಿನ್ನೂ ಸಹಿ ಹಾಕಿಲ್ಲ.