ನೂರಕ್ಕೆ ನೂರು ಉತ್ಸಾಹ, ಸಂಜೆ 5ರೊಳಗೆ

ಬ್ಯಾಂಕ್ ನೌಕರರಿಗೆ ಕೆಲಸದಲ್ಲಿ ಮನಸ್ಸಿಲ್ಲ ಎಂಬ ಸುದ್ದಿ ಕೊನೆಗೂ ಹೆಡ್ ಆಫೀಸಿಗೆ ಮುಟ್ಟಿದೆ. ಮದ್ದೂ ಸಿದ್ಧವಾಗಿದೆ: ಎಂಪ್ಲಾಯೀ ಎಂಗೇಜ್‌ಮೆಂಟ್ ಸಮೀಕ್ಷೆ, ಅಂದರೆ ನೌಕರರು ಎಷ್ಟು ಮನಸ್ಸಿಟ್ಟು ದುಡಿಯುತ್ತಾರೆ ಎಂಬುದರ ಅಳತೆ. ಭಾಗವಹಿಸಲು ಯಾರಿಗೂ ಒತ್ತಾಯವಿಲ್ಲ. ಭಾಗವಹಿಸದವರ ಪಟ್ಟಿ ಮಾತ್ರ ದಿನಾ ಸಂಜೆ ಮ್ಯಾನೇಜರ್ ಮೇಜಿಗೆ ಬರುತ್ತದೆ.

ಹೆಸರು ಬೇಡ, ನಿರ್ಭಯವಾಗಿ ಉತ್ತರಿಸಿ ಎಂದು ಮೊದಲ ಪುಟದಲ್ಲೇ ಅಭಯ. ಆಮೇಲೆ ಕೇಳುವುದು ಇಷ್ಟೇ: ಶಾಖೆ, ಹುದ್ದೆ, ವಯಸ್ಸು, ಎಷ್ಟು ವರ್ಷದ ಸರ್ವಿಸ್. ಇಡೀ ಶಾಖೆಗೆ ಇರುವುದು ಒಬ್ಬಳೇ ಕ್ಯಾಷಿಯರ್. ಯಂತ್ರ ಉಗಿದ ಸುಕ್ಕು ನೋಟುಗಳನ್ನು ಕೈಯಲ್ಲೇ ಎಣಿಸಿ, ಕಟ್ಟು ಕಟ್ಟಿ, ಕ್ಯಾಶ್ ಟ್ಯಾಲಿ ಮಾಡಿ ಆಕೆ ಕಂಪ್ಯೂಟರ್ ಮುಂದೆ ಕೂರುತ್ತಾಳೆ. 'ನಿಮ್ಮ ಮಾತಿಗೆ ಮೇಲಧಿಕಾರಿ ಬೆಲೆ ಕೊಡುತ್ತಾರೆಯೇ?' ಮೇಲಧಿಕಾರಿ ಬೆನ್ನ ಹಿಂದೆಯೇ ನಿಂತಿದ್ದಾರೆ. 'ಸಂಪೂರ್ಣ ಒಪ್ಪುತ್ತೇನೆ.'

ಮನಸ್ಸಿಟ್ಟು ದುಡಿಯಲು ಮೂರು ಬೇಕು ಎಂದು 1990ರಲ್ಲೇ ವಿಲಿಯಂ ಕಾನ್ ಎಂಬ ವಿದ್ವಾಂಸರು ಹೇಳಿದ್ದರು: ಕೆಲಸಕ್ಕೊಂದು ಅರ್ಥ, ಅಂಜದೆ ತಾನು ತಾನಾಗಿರುವ ಅವಕಾಶ, ಮೈಮನಸ್ಸಿನಲ್ಲಿ ಒಂದಿಷ್ಟು ಕಸುವು. ಠೇವಣಿ ಇಡಲು ಬಂದ ವೃದ್ಧರಿಗೆ ವಿಮೆ ಅಂಟಿಸಿ ಕಳಿಸುವುದರಲ್ಲಿ ಅರ್ಥವಂತೂ ಧಾರಾಳವಾಗಿದೆ. ಟಾರ್ಗೆಟ್ ತಪ್ಪಿದವರನ್ನು ವಿಡಿಯೊ ಮೀಟಿಂಗಿನಲ್ಲಿ ಎಲ್ಲರೆದುರು ಝಾಡಿಸುವುದರಿಂದ ಅಂಜಿಕೆಯೂ ಬಿಟ್ಟುಹೋಗುತ್ತದೆ. ಕಸುವಿನ ಬಗ್ಗೆ ರಜೆಯ ದಿನ ಕಾರ್ಯಾಗಾರ ಇಟ್ಟಿದ್ದಾರೆ, ಹಾಜರಿ ಕಡ್ಡಾಯ.

ಉತ್ಸಾಹವನ್ನು ಟಾರ್ಗೆಟ್‌ನಿಂದಲೇ ತುಂಬಬಹುದು ಎಂಬ ನಂಬಿಕೆಗೆ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಗ್ರಾಹಕನೊಬ್ಬನಿಗೆ ಎಂಟು ಸ್ಕೀಮು ಮಾರಬೇಕು ಎಂಬುದು ಅಲ್ಲಿನ ಗುರಿಯಾಗಿತ್ತು. ನೌಕರರು ಎಷ್ಟು ತೊಡಗಿಕೊಂಡರೆಂದರೆ, ಗ್ರಾಹಕರಿಗೆ ತೊಂದರೆಯೇಕೆಂದು ಅವರನ್ನು ಕೇಳದೆಯೇ ಲಕ್ಷಗಟ್ಟಲೆ ಖಾತೆ ತೆರೆದರು. 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು. ಅಷ್ಟರಲ್ಲಿ ಸುಮಾರು 5,300 ಮಂದಿ ಮನೆಗೆ ಹೋಗಿದ್ದರು. ಮೊದಲು ಹೊರಬಿದ್ದವರು ಗುರಿಯ ಹಿಂದೆ ಓಡಿದವರು. ಗುರಿ ಇಟ್ಟ ದೊಡ್ಡವರ ಸರದಿ ಬಂದದ್ದು ಆಮೇಲೆ.

ಇಂಥ ಸಮೀಕ್ಷೆ ನಡೆಸುವ ಅಮೆರಿಕದ ಗ್ಯಾಲಪ್ ಸಂಸ್ಥೆಯ ಪ್ರಸಿದ್ಧ 12 ಪ್ರಶ್ನೆಗಳಲ್ಲಿ, ಆಫೀಸಿನಲ್ಲಿ ನಿಮಗೆ ಆಪ್ತ ಸ್ನೇಹಿತರಿದ್ದಾರೆಯೇ ಎಂಬುದೂ ಒಂದು. ಅದನ್ನೇ ಇಲ್ಲೂ ಎತ್ತಿ ಇಟ್ಟುಕೊಂಡಿದ್ದಾರೆ. ಕ್ಯಾಷಿಯರ್‌ಗೆ ಇದ್ದ ಒಬ್ಬಳು ಸ್ನೇಹಿತೆಗೆ ಹೋದ ತಿಂಗಳು ವರ್ಗವಾಯಿತು ಎಂದು ಬರೆಯಲು ಜಾಗವಿಲ್ಲ. ಆದರೂ ಅಂಕ ಕಡಿಮೆ ಬಂದದ್ದನ್ನು ಹೆಡ್ ಆಫೀಸ್ ಗಂಭೀರವಾಗಿ ಪರಿಗಣಿಸಿದೆ. ಮುಂದಿನ ತ್ರೈಮಾಸಿಕದಿಂದ ತಲಾ ಇಬ್ಬರು ಆಪ್ತ ಸ್ನೇಹಿತರ ಟಾರ್ಗೆಟ್. ಹಳೇ ಸ್ನೇಹಿತರು ಲೆಕ್ಕಕ್ಕಿಲ್ಲ. ಹೊಸಬರಿಗೆ ಕೆವೈಸಿ ಕಡ್ಡಾಯ.