ಓವನ್ನಿನ ಮುಳ್ಳು ಸುಳ್ಳು ಹೇಳತೈತಿ

ಪಾಲಿಮರ್ ಕ್ಲೇ ಅಂದ್ರ ಹೊಲದ ಮಣ್ಣಲ್ಲ, ಪಿವಿಸಿ ಪ್ಲಾಸ್ಟಿಕ್; ಆಕಾರ ಕೊಟ್ಟು ಓವನ್ನಿನ್ಯಾಗ ಬೇಯಿಸಿದ್ರ ಗಟ್ಟಿ ಆಗತೈತಿ. ನನ್ನ ಪ್ಯಾಕೆಟ್ ಮ್ಯಾಲೆ 130 ಡಿಗ್ರಿ, ಅರ್ಧ ತಾಸು ಅಂತ ಬರದೈತಿ. ಮುಳ್ಳು ಅಲ್ಲೇ ಇಟ್ಟೆ. ಮೂರು ದಿನ ಕುಂತು ಆ ಕ್ಲೇಲೆ ಮಾಡಿದ್ದು: ರೂಪಾಯಿ ನಾಣ್ಯದಷ್ಟು ಜೋಳದ ರೊಟ್ಟಿ, ಬಾಜೂಕ ಬೆಣ್ಣಿ, ಉಗುರಿಗಿಂತ ಸಣ್ಣ ಬ್ಯಾಡಗಿ ಮೆಣಸಿನಕಾಯಿ. ಸುಕ್ಕು ಕಾಣಲಿ ಅಂತ ಒಂದೊಂದಕ್ಕೂ ಸೂಜಿಲೆ ಗೆರಿ ಎಳದಿದ್ದೆ. ತಗದು ನೋಡಿದ್ರ ಬೆಣ್ಣಿ ಕಂದು, ಮೆಣಸಿನಕಾಯಿ ತುದಿ ಕರ್ರಗ! ಒಳಗ ಬ್ಯಾರೆ ಥರ್ಮಾಮೀಟರ್ ಇಟ್ರ 165. ಕಾವು ಕಮ್ಮಿ ಆಗಿದ್ರ ಮತ್ತ ಬೇಯಿಸಬಹುದಿತ್ತು, ಸುಟ್ಟ ಬಿಳಿ ತಿರುಗಿ ಬಿಳಿ ಆಗೂದಿಲ್ಲ. ಹುಬ್ಬಳ್ಳಿ ಅಂಗಡ್ಯಾಗ ಕೇಳಿದ್ರ "ಎಲ್ಲಾ ಓವನ್ನೂ ಹಂಗ ರೀ" ಅಂತಾರ. ಹಂಗಾದ್ರ ಮುಳ್ಳಿನ ಸುತ್ತ ಆ ಅಂಕಿ ಯಾಕ ಅಚ್ಚ ಹಾಕ್ತೀರಿ?