ಕಡ್ಲಿ ಹೊಲದಾಗ ಕ್ರಿಸ್‌ಮಸ್ ರಜೆ

ನಾವು ಸಣ್ಣವರಿದ್ದಾಗ ಚಳಿಗಾಲಕ್ಕೆ ರಜೆ ಅನ್ನೋದು ಇರಲಿಲ್ಲ. ಚಳಿ ಮಾತ್ರ ಇತ್ತು. ಅಕ್ಟೋಬರ್‌ನಲ್ಲಿ ದಸರಾ ರಜೆ ಮುಗಿದರೆ ಮುಂದೆ ಬೇಸಿಗೆಯೇ ಗತಿ. ಈಗ ಬೆಂಗಳೂರಿನ ಎಷ್ಟೋ ಶಾಲೆ ಕಾಲೇಜುಗಳಲ್ಲಿ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ರಜೆ. ಮಕ್ಕಳಿಗೆ ರಜೆ ಅಂದರೆ ಅಪ್ಪ ಅಮ್ಮನಿಗೆ ತಲೆನೋವು. 2024ರ ಡಿಸೆಂಬರ್‌ನಲ್ಲಿ ನಮ್ಮಣ್ಣ ತನ್ನ ತಲೆನೋವನ್ನು ನೇರ ಗದಗ ಜಿಲ್ಲೆಗೆ, ಅಂದರೆ ನನ್ನ ಗಂಡನ ಊರಿಗೆ, ಕಳಿಸಿಬಿಟ್ಟ. ‘ಇವರು ಮೊಬೈಲಿನಿಂದ ತಲೆ ಎತ್ತಲ್ಲ ಕಣೇ. ಸ್ವಲ್ಪ ನೇಚರ್ ತೋರಿಸು’ ಅಂದ.

ಬಂದವರು ಮೂವರು. ಇಂಜಿನಿಯರಿಂಗ್ ಓದುವ ಅಣ್ಣನ ಮಗ, ಪಿಯುಸಿ ಓದುವ ಮಗಳು, ಜೊತೆಗೆ ಮಗನ ಗೆಳೆಯ. ಬ್ಯಾಗ್ ಬಿಚ್ಚಿದರೆ ಹೆಡ್‌ಲ್ಯಾಂಪ್, ಬೈನಾಕ್ಯುಲರ್, ಸೊಳ್ಳೆ ಕ್ರೀಮು, ಆನೆ ತುಳಿದರೂ ಹರಿಯದಂಥ ಶೂ. ನಮ್ಮದು ಎರೆಭೂಮಿ. ಕಣ್ಣು ಹಾಯಿಸಿದಷ್ಟೂ ಕಡಲೆ, ಜೋಳ, ನಡುವೆ ಒಂದೊಂದು ಜಾಲಿ ಗಿಡ. ದೂರದಲ್ಲಿ ಕಪ್ಪತಗುಡ್ಡ, ಅದರ ಮೇಲೆ ತಿರುಗುವ ಗಾಳಿಯಂತ್ರಗಳು. ಮಾವನವರು ಶೂಗಳನ್ನು ಎತ್ತಿ ತೂಕ ನೋಡಿ, ‘ಇದನ್ನ ಹಾಕ್ಕೊಂಡು ನಡೀಬೇಕೋ, ಇದನ್ನ ಹೊತ್ಕೊಂಡು ನಡೀಬೇಕೋ ತಮ್ಮಾ?’ ಅಂತ ಕೇಳಿದರು.

ನೇಚರ್ ಅಂದ ಮೇಲೆ ಮಾಗಡಿ ಕೆರೆ ತೋರಿಸದೆ ಇರೋಕಾಗತ್ತಾ? ಇದು ಬೆಂಗಳೂರಿನ ಪಕ್ಕದ ಮಾಗಡಿ ಅಲ್ಲ, ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಅದೇ ವರ್ಷ ಜನವರಿಯಲ್ಲಿ ಇದಕ್ಕೆ ರಾಮ್ಸಾರ್ ಪಟ್ಟ, ಅಂದರೆ ಜಗತ್ತಿನ ಮಹತ್ವದ ಜೌಗುಭೂಮಿ ಅನ್ನೋ ಮಾನ್ಯತೆ, ಸಿಕ್ಕಿತ್ತು. ಅಂಕಸಮುದ್ರ, ಅಘನಾಶಿನಿ ಅಳಿವೆಯ ಜೊತೆಗೆ. ಚಳಿಗಾಲ ಬಂತೆಂದರೆ ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯಾದಂಥ ದೂರದ ದೇಶಗಳಿಂದ ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. 7,000 ಮೀಟರ್‌ಗೂ ಮೇಲೆ ಹಾರಿದ್ದು ದಾಖಲಾಗಿದೆ. ಇದನ್ನೆಲ್ಲ ದಾರಿಯುದ್ದಕ್ಕೂ ಹೇಳಿ ಮಕ್ಕಳನ್ನು ಚೆನ್ನಾಗಿ ಹುರಿದುಂಬಿಸಿಟ್ಟಿದ್ದೆ.

ಬೆಳಿಗ್ಗೆ ಆರಕ್ಕೆ ಹೊರಡೋಣ ಅಂದಿದ್ದು, ಹೊರಟಾಗ ಹತ್ತಾಗಿತ್ತು. ಕೆರೆಯಲ್ಲಿ ಹಕ್ಕಿಗಳು ಬೇಕಾದಷ್ಟಿದ್ದವು. ಬೂದು ಮೈ, ಬಿಳಿ ತಲೆ, ನೆತ್ತಿಯ ಹಿಂದೆ ಎರಡು ಕಪ್ಪು ಪಟ್ಟೆ. ಹೆಚ್ಚಿನವು ಕತ್ತನ್ನು ಹಿಂದಕ್ಕೆ ತಿರುಗಿಸಿ ರೆಕ್ಕೆಯೊಳಗೆ ಕೊಕ್ಕು ತೂರಿಸಿಕೊಂಡು ಗಾಢ ನಿದ್ದೆಯಲ್ಲಿದ್ದವು. ಒಂದು ಮಾತ್ರ ಎದ್ದು, ನಾಲ್ಕು ಹೆಜ್ಜೆ ನಡೆದು, ಹಿಕ್ಕೆ ಹಾಕಿ, ಮತ್ತೆ ಮಲಗಿತು.

‘ಏನೂ ಮಾಡ್ತಾನೇ ಇಲ್ವಲ್ಲ ಅತ್ತೆ?’ ಅಂದಳು ಹುಡುಗಿ.

‘ಹಿಮಾಲಯ ದಾಟಿ ಬಂದಿವೆ ಕಣಮ್ಮ. ಇನ್ನೇನು ಡ್ಯಾನ್ಸ್ ಮಾಡಬೇಕಾ?’

ಮನೆಗೆ ಬಂದು ಹೇಳಿದಾಗ ಮಾವನವರು ನಕ್ಕರು. ‘ಹಗಲೆಲ್ಲಾ ಮಲಗ್ತಾವು. ಕತ್ತಲಾತಂದ್ರ ಎದ್ದು ಶೇಂಗಾ, ಕಡ್ಲಿ ಹೊಲ ಹೊಕ್ಕೊಂಡು ತಿಂತಾವು. ಥೇಟ್ ಇವರಂಗ.’ ಹಿಂದಿನ ರಾತ್ರಿ ಒಂದು ಗಂಟೆಗೆ ನಮ್ಮ ಅಡುಗೆಮನೆಯಲ್ಲಿ ಮ್ಯಾಗಿ ಬೆಂದ ವಿಷಯ ಅವರ ಕಿವಿಗೂ ಬಿದ್ದಿತ್ತು ಅಂತ ಆಗ ಗೊತ್ತಾಯಿತು.

ಪ್ರಕೃತಿಯ ಜೊತೆ ಬೆರೆಯಬೇಕು ಅಂತ ಎಲ್ಲರೂ ಹೇಳುತ್ತಾರೆ. ಬೆರೆಯುವ ಉತ್ಸಾಹ ಪ್ರಕೃತಿಗೇ ಜಾಸ್ತಿ ಇರುತ್ತೆ ಅನ್ನೋದನ್ನು ಯಾರೂ ಹೇಳಲ್ಲ. ಅದು ಕಡಲೆ ಹೊಲದಲ್ಲಿ ಗೊತ್ತಾಯಿತು. ಗೆಳೆಯನಿಗೆ ಸೂರ್ಯೋದಯದ ರೀಲ್ ಬೇಕಿತ್ತಂತೆ. ಒಂದು ಬೆಳಿಗ್ಗೆ ಮೂವರೂ ಹೇಗೋ ಎದ್ದು, ಯಾರಿಗೂ ಹೇಳದೆ, ಚಡ್ಡಿಯಲ್ಲೇ ಹೊಲಕ್ಕೆ ಇಳಿದಿದ್ದಾರೆ. ಕ್ಯಾಮೆರಾಗೆ ಚೆನ್ನಾಗಿ ಕಾಣಲಿ ಅಂತ ಗಿಡಗಳ ನಡುವೆ ಕೂತೂ ಇದ್ದಾರೆ.

ಡಿಸೆಂಬರ್‌ನಲ್ಲಿ ಕಡಲೆ ಗಿಡ ಮೊಣಕಾಲಿನ ಹತ್ತಿರ ಬಂದಿರುತ್ತದೆ. ಹತ್ತಿರದಿಂದ ನೋಡಿದರೆ ಎಲೆ, ಕಾಂಡ, ಕಾಯಿ ಎಲ್ಲದರ ಮೇಲೂ ಸಣ್ಣ ಸಣ್ಣ ಕೂದಲು. ಒಂದೊಂದು ಕೂದಲ ತುದಿಗೂ ಸಾಸಿವೆಗಿಂತ ಸಣ್ಣ ಹನಿ. ನೋಡಿದವರು ಇಬ್ಬನಿ ಅಂದುಕೊಳ್ಳುತ್ತಾರೆ. ಅದು ಗಿಡವೇ ಬಿಡುವ ಹುಳಿ. ಇಬ್ಬನಿಯಲ್ಲಿ ಕಲಸಿಕೊಂಡು ಬೆಳಗಿನ ಹೊತ್ತು ಹೊಲಕ್ಕೆ ಹೊಲವೇ ತೊಯ್ದಿರುತ್ತದೆ. ಬರಿಗಾಲಿಗೆ ತಗುಲಿದರೆ ಉರಿ, ಆಮೇಲೆ ತುರಿಕೆ.

ಮೂವರೂ ಓಡಿ ಬಂದಾಗ ನಾನು ಅಂಗಳಕ್ಕೆ ನೀರು ಹಾಕುತ್ತಿದ್ದೆ. ಗೆಳೆಯ ಒಂದು ಕೈಯಲ್ಲಿ ತೊಡೆ ಕೆರೆದುಕೊಳ್ಳುತ್ತಾ ಇನ್ನೊಂದು ಕೈಯಲ್ಲಿ ಗೂಗಲ್ ಮಾಡುತ್ತಿದ್ದ. ‘ಆಂಟಿ, ಮ್ಯಾಲಿಕ್ ಆಸಿಡ್ ಅಂತೆ! ಆಕ್ಸಾಲಿಕ್ಕೂ ಇದೆಯಂತೆ!’ ಅಂತ ಕೂಗಿದ. ಎಳನೀರಿನಲ್ಲಿ ಪೊಟ್ಯಾಸಿಯಂ ಇದೆ ಅನ್ನುವಷ್ಟೇ ಸಂಭ್ರಮ ಆ ದನಿಯಲ್ಲಿ. ಹುಡುಗಿ ತೊಟ್ಟಿಯ ನೀರಿಗೇ ಕಾಲಿಟ್ಟಿದ್ದಳು. ಡಿಸೆಂಬರ್ ಬೆಳಗಿನ ನೀರು. ಅವಳು ಕಿರುಚಿದ್ದು ತುರಿಕೆಗೋ ಚಳಿಗೋ ಯಾರಿಗೂ ತಿಳಿಯಲಿಲ್ಲ. ಎಮ್ಮೆ ಮಾತ್ರ ಹಗ್ಗ ಜಗ್ಗಿ ಎದ್ದು ನಿಂತಿತು.

ಮಾವನವರು ಕೊಬ್ಬರಿ ಎಣ್ಣೆ ಬಾಟಲಿ ಹಿಡಿದು ಬಂದರು. ‘ಮುಂಜಾನೆ ಕಡ್ಲಿ ಹೊಲದಾಗ ಚಡ್ಡಿ ಮ್ಯಾಲೆ ಯಾರರ ಹೊಕ್ಕಾರೇನು?’ ಅಂದವರೇ ಪಾಠವನ್ನೂ ಶುರು ಮಾಡಿದರು. ಹಿಂದೆ ರಾತ್ರಿ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ ಆ ಹುಳಿಯನ್ನು ಸೀಸೆಯಲ್ಲಿ ಇಡುತ್ತಿದ್ದರು. ಹೊಟ್ಟೆನೋವಿಗೆ ಅದೇ ಔಷಧ. ಇಷ್ಟು ಕೇಳಿದ್ದೇ ತಡ, ಅಣ್ಣನ ಮಗ ಹಿತ್ತಿಲಿಗೆ ಹೋಗಿ ಕಡಲೆ ಎಲೆ ನೆಕ್ಕಿ ಬಂದ. ‘ಅಜ್ಜ, ಸಖತ್ತಾಗಿದೆ. ಚಾಟ್ ಮಸಾಲಾ ಥರ!’ ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಜುಮ್ಮಂತಿದೆ ಅಂತ ಊಟಕ್ಕೆ ಬರೀ ಮೊಸರನ್ನ ಕೇಳಿದ. ಹಸಿಕಡಲೆ ಗಿಡ ಕಿತ್ತು ಸುಟ್ಟುಕೊಟ್ಟಾಗ ಮಾತ್ರ ಅದೇ ನಾಲಿಗೆ ಯಾವ ತಕರಾರೂ ತೆಗೆಯಲಿಲ್ಲ.

ಡಿಸೆಂಬರ್ 30ಕ್ಕೆ ಎಳ್ಳ ಅಮಾವಾಸ್ಯೆ. ನಮ್ಮ ಕಡೆ ಅವತ್ತು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗೋದು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ. ಇದಕ್ಕಾಗಿ ನಾನು ಎದ್ದ ಹೊತ್ತಿಗೆ ಮಕ್ಕಳು ಇನ್ನೂ ಮಲಗಿರಲಿಲ್ಲ. ಮನೆಯಲ್ಲಿ ಟ್ರ್ಯಾಕ್ಟರ್ ಇದೆ, ಆದರೆ ಮಕ್ಕಳಿಗೆ ಚಕ್ಕಡಿಯೇ ಆಗಬೇಕು. ಪಕ್ಕದ ಮನೆಯವರ ಚಕ್ಕಡಿ ಬಂತು. ಮೂವರೂ ಕಾಲು ಇಳಿಬಿಟ್ಟುಕೊಂಡು ಹಿಂದಿನ ತುದಿಯಲ್ಲೇ ಕೂತರು, ಫೋಟೊಗೆ ಚೆಂದ ಅಂತ. ಹಿಂದೆ ಭಾರ ಜಾಸ್ತಿಯಾಗಿ ಮುಂದೆ ನೊಗ ಮೇಲೆದ್ದಿತು. ಎತ್ತುಗಳು ಕತ್ತೆತ್ತಿ ನಿಂತುಬಿಟ್ಟವು. ಹೋಳಿಗೆ ಡಬ್ಬಿ ಜಾರಿಕೊಂಡು ಹೋಗಿ ಗೆಳೆಯನ ಬೆನ್ನಿಗೆ ಬಡಿಯಿತು. ‘ಮುಂದ ಬರ್ರೋ, ಎತ್ತಿನ ಕುತಿಗಿ ಹಿಚಗ್ತೈತಿ!’ ಅಂತ ಮಾವನವರು ಬೈದ ಮೇಲೆ ಎಲ್ಲರೂ ಮುಂದೆ ಸರಿದು ನನ್ನ ಮಡಿಲಲ್ಲೇ ಕೂತರು.

ಹೊಲದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರು ಅಂತ ಪೂಜೆ ಮಾಡಿದ ಮೇಲೆ ಚರಗ ಚೆಲ್ಲಬೇಕು. ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ಹೊಲದ ತುಂಬ ಚೆಲ್ಲೋದು. ‘ಫುಡ್ ವೇಸ್ಟ್ ಅಲ್ವಾ ಅಜ್ಜ?’ ಅಂತ ಕೇಳಿದಳು ಹುಡುಗಿ. ‘ಇರುವಿ, ಇಲಿ, ಹಕ್ಕಿ, ಅವರ ಪಾಲೂ ಐತವಾ’ ಅಂದರು. ಈ ಮಾತು ಅವರಿಗೇ ದುಬಾರಿಯಾಯಿತು.

ಮರುದಿನ ಡಿಸೆಂಬರ್ 31. ರಾತ್ರಿ ಹೇಗೂ ನಿದ್ದೆ ಮಾಡಲ್ಲವಲ್ಲ, ಹೊಲ ಕಾಯಲಿ ಅಂತ ಮಾವನವರು ಮೂವರನ್ನೂ ಹೊಲದ ಗುಡಿಸಲಿಗೆ ಕಳಿಸಿದರು. ನಮ್ಮವರೂ ಜೊತೆಗೆ ಹೋದರು. ಹೋದವರು ಹೊದ್ದುಕೊಂಡು ಮಲಗಿದ್ದು ಬೇರೆ ಮಾತು. ಬಡಿಯೋಕೆ ಖಾಲಿ ಎಣ್ಣೆ ಡಬ್ಬಿ, ಒಂದು ಕೋಲು. ಬಾತು ಇಳಿದರೆ ಡಬ್ಬಿ ಬಡಿಯಬೇಕು, ಕಲ್ಲು ಹೊಡೆಯಕೂಡದು. ಇಷ್ಟೇ ಕೆಲಸ.

ಹನ್ನೆರಡು ಗಂಟೆಗೆ ಸರಿಯಾಗಿ ಡಬ್ಬಿ ಸದ್ದು ಊರಿಗೇ ಕೇಳಿಸಿತು. ಪರವಾಗಿಲ್ಲ, ಹುಡುಗರು ಚುರುಕಾಗಿದ್ದಾರೆ ಅಂತ ಮಾವನವರು ಹೊದ್ದುಕೊಂಡು ಮಲಗಿದರು. ಅದು ಹ್ಯಾಪಿ ನ್ಯೂ ಇಯರ್ ಅಂತ ಬೆಳಿಗ್ಗೆ ತಿಳಿಯಿತು. ಹೆಬ್ಬಾತುಗಳು ಬಂದಿದ್ದು ಎರಡು ಗಂಟೆಗೆ. ಕತ್ತಲಲ್ಲಿ ಮೊದಲು ದನಿ ಕೇಳಿಸಿತಂತೆ, ಮೂಗಿನಲ್ಲಿ ಕರೆದಂಥ ಗೊಗ್ಗರು ದನಿ. ಆಮೇಲೆ ತಲೆಯ ಮೇಲೇ ರೆಕ್ಕೆ ಬಡಿತ. ಆಮೇಲೆ ಹೊಲದ ತುಂಬ ಸರಸರ, ಕಚಕಚ. ಮೂವರೂ ಹೆಡ್‌ಲ್ಯಾಂಪ್ ಆರಿಸಿ, ಉಸಿರು ಬಿಗಿಹಿಡಿದು ಬೆಳಗಿನವರೆಗೆ ಕೂತಿದ್ದಾರೆ. ಡಬ್ಬಿ ಮಾತ್ರ ಯಾರೂ ಮುಟ್ಟಿಲ್ಲ.

‘ಅವಕ್ಕೆ ತುರಿಕೆ ಆಗಲ್ವಾ ಅತ್ತೆ?’ ಅಂತ ಹುಡುಗಿ ನನ್ನನ್ನು ಕೇಳುತ್ತಿದ್ದಾಗಲೇ ಮಾವನವರು ಹೊಲ ನೋಡಿಕೊಂಡು ಬಂದರು. ಒಂದು ಮೂಲೆಯಲ್ಲಿ ಕಡಲೆ ಗಿಡಕ್ಕೆ ತಲೆಯೇ ಇರಲಿಲ್ಲ.

‘ಯಾಕ ಓಡಿಸ್ಲಿಲ್ಲೋ?’

‘ಅಷ್ಟು ದೂರದಿಂದ, ಹಿಮಾಲಯ ದಾಟಿ ಬಂದಿವೆ ಅಜ್ಜ. ಹೇಗೆ ಓಡಿಸೋದು? ಅವರ ಪಾಲೂ ಇದೆ ಅಂತ ನೀವೇ ಹೇಳಿದ್ರಲ್ಲ.’

ಮಾವನವರು ರುಮಾಲು ಬಿಚ್ಚಿ ಕೊಡವಿ ಮತ್ತೆ ಸುತ್ತಿಕೊಂಡರು. ‘ಹೌದಪಾ ಹೌದು. ಹಿಮಾಲಯ ದಾಟಿ ಬಂದಾವಂದ್ರ, ನಾಳೆ ಹೊಲದ ಉತಾರನೂ ಅವರ ಹೆಸರಿಗೇ ಮಾಡಿಸಿಬಿಡ್ತೀನಿ. ಆಧಾರ್ ಕಾರ್ಡ್ ತರಾಕ ಹೇಳು!’